ಗಡಿಬಿಡೆಪ್ಪನನ್ನು ಬಲಗಡೆಯಿಂದ ಓದಿದವರ ತಕರಾರು

ಬೆಟಗೇರಿ,
ಶನಿವಾರ, ತಾ. ೧೭ ನವೆಂಬರ್ ೧೯೫೬

ಹುಬ್ಬಳ್ಳಿಯಿಂದ ದಿನವೂ ಹೊರಡುವ ಪತ್ರಿಕೆಯ ಘನ ಸಂಪಾದಕರ ಸನ್ನಿಧಿಗೆ (ಪತ್ರಿಕೆಯ ಹೆಸರು ಬರೆದಿಲ್ಲ, ಬರೆದರೆ ತಮಗೆ ಪುಕ್ಕಟೆ ಪ್ರಚಾರವಾದೀತು),

ಮಾನ್ಯರೇ,

ಬೆಟಗೇರಿಯ ಹೇಮಪ್ಪನವರ ಮಗ್ಗದ ಮನೆಯಲ್ಲಿ ರಾಟೆಯ ಮುಂದೆ ಕುಳಿತು ಲಾಳಿಯ ಕಂಡಿಕೆಗೆ ನೂಲು ಸುತ್ತುವ ಮುತ್ತವ್ವ ಎಂಬ ನಾನು, ಶಿರಹಟ್ಟಿಯಲ್ಲಿ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು ಎಂಬ ಒಂದೇ ಧೈರ್ಯದ ಮೇಲೆ, ತಮ್ಮ ಪಾದಗಳಿಗೂ, ತಮ್ಮ ಮುದ್ರಣಯಂತ್ರದ ಚಕ್ರಗಳಿಗೂ, ಇಂಥ ಪತ್ರಗಳನ್ನು ಒಳಗೆ ಬಿಡದೆ ಬಾಗಿಲಲ್ಲಿ ಕುಳಿತಿರುವ ತಮ್ಮ ಜವಾನರಿಗೂ ಬೇರೆ ಬೇರೆಯಾಗಿ ನಮಸ್ಕಾರ ಮಾಡಿ ಬರೆದುಕೊಳ್ಳುವುದೇನೆಂದರೆ, ಇತ್ತ ಎಲ್ಲರೂ ಕ್ಷೇಮ, ಹನ್ನೆರಡು ಮಗ್ಗಗಳೂ ಕ್ಷೇಮ, ತಮ್ಮ ಕ್ಷೇಮಕ್ಕೆ ಮಾತ್ರ ಈ ಪತ್ರ ಓದಿ ಮುಗಿಸುವವರೆಗೆ ನಾನು ಹೊಣೆಯಲ್ಲ.

ಮೊಟ್ಟಮೊದಲು ನಾಡು ಒಂದಾದದ್ದಕ್ಕೆ ಅಭಿನಂದನೆಗಳು. ನಾನು ಹುಟ್ಟಿದ ಶಿರಹಟ್ಟಿ ಸಾಂಗಲಿ ಸಂಸ್ಥಾನದಲ್ಲಿತ್ತು, ನನ್ನ ತಾಯಿಯ ತವರು ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿತ್ತು, ನಾನು ಸೊಸೆಯಾಗಿ ಬಂದ ಬೆಟಗೇರಿ ಮುಂಬಯಿ ಪ್ರಾಂತದಲ್ಲಿತ್ತು. ಬೆಳಿಗ್ಗೆ ಚಕ್ಕಡಿ ಹೂಡಿಕೊಂಡು ಹೊರಟರೆ ಸಂಜೆಯೊಳಗೆ ಮೂರು ಸರಕಾರಗಳ ಧೂಳು ನಮ್ಮ ಸೀರೆಯ ಮೇಲೆ ಕೂಡುತ್ತಿತ್ತು. ಈಗ ಎಲ್ಲ ಕಡೆಯೂ ಒಂದೇ ಸರಕಾರದ ಧೂಳು, ಝಾಡಿಸಿಕೊಳ್ಳಲು ಬಹಳ ಅನುಕೂಲ. ನವೆಂಬರ್ ಒಂದರಂದು ಹೇಮಪ್ಪನವರು ಇಡೀ ಮಗ್ಗದ ಮನೆಗೆ ಪೇಡೆ ಹಂಚಿದರು, ನಾನು ಎರಡು ತಿಂದೆ. ಆದರೆ ಆ ಶುಭ ಗುರುವಾರದಂದೇ, ನಾಡಿನ ತುಂಡುಗಳೆಲ್ಲ ಒಂದುಗೂಡಿದ ದಿನವೇ, ತಾವು ಮೂರನೆಯ ಪುಟದ ಕೆಳಗಿನ ಚಿತ್ರಕಥೆಯ ನಾಲ್ಕು ಚೌಕಗಳನ್ನು ಕಿತ್ತುಹಾಕಿ ಆ ಜಾಗದಲ್ಲಿ ನೂತನ ರಾಜ್ಯದ ಭೂಪಟವನ್ನು ಅಚ್ಚು ಹಾಕಿದಿರಿ. ಇಷ್ಟೊಂದು ಜಿಲ್ಲೆಗಳಿಗೆ ಜಾಗ ಸಿಕ್ಕ ವಿಶಾಲ ರಾಜ್ಯದಲ್ಲಿ ಒಬ್ಬ ಗಿಡ್ಡ ಗಡಿಬಿಡೆಪ್ಪನಿಗೆ ನಾಲ್ಕು ಬೆರಳಗಲ ಜಾಗ ಸಿಗಲಿಲ್ಲವೆಂಬುದೇ ನನ್ನ ತಕರಾರು.

ತಮ್ಮ ಕಚೇರಿಯಲ್ಲಿ ಅವನನ್ನು ಇಷ್ಟರಲ್ಲೇ ಮರೆತಿರಬಹುದಾದ್ದರಿಂದ ನೆನಪಿಸುತ್ತೇನೆ. ಸ್ವಾತಂತ್ರ್ಯ ಬಂದ ಮರುವರ್ಷದಿಂದ ಪ್ರತಿ ಗುರುವಾರ ತಮ್ಮ ಪತ್ರಿಕೆಯಲ್ಲಿ 'ಗಡಿಬಿಡೆಪ್ಪ' ಎಂಬ ಚಿತ್ರಕಥೆ ಬರುತ್ತಿತ್ತು. ಮೋಟು ಮೀಸೆ, ಒಂದೇ ಕಾಲಿಗೆ ಚಪ್ಪಲಿ, ಮೈತುಂಬ ಅವಸರ. ಮೊದಲನೆಯ ಚೌಕದಲ್ಲಿ ಹುರುಪಿನಿಂದ ಹೊರಟವನು ನಾಲ್ಕನೆಯ ಚೌಕದಲ್ಲಿ ಕೆಸರಿನಲ್ಲೋ ಬಾವಿಯಲ್ಲೋ ಅತ್ತೆಯ ಕೈಯಲ್ಲೋ ಸಿಕ್ಕು ಮುಗಿಯುತ್ತಿದ್ದ. ತಮ್ಮ ಚಿತ್ರಕಾರರಿಗೆ ಅವನ ಮೇಲೆ ಯಾವ ಜನ್ಮದ ಸಿಟ್ಟಿತ್ತೋ ಕಾಣೆ, ಎಂಟು ವರ್ಷದಲ್ಲಿ ಒಂದು ವಾರವೂ ಅವನನ್ನು ನೆಟ್ಟಗೆ ಮನೆ ಮುಟ್ಟಿಸಲಿಲ್ಲ.

ಆದರೆ ಮಾನ್ಯರೇ, ಅದೇ ಗಡಿಬಿಡೆಪ್ಪ ನಮ್ಮ ಮಗ್ಗದ ಮನೆಯಲ್ಲಿ ಎಂಟು ವರ್ಷಗಳ ಕಾಲ ಜಗತ್ತಿನ ಅತ್ಯಂತ ನಶೀಬವಂತನಾಗಿ ಬಾಳಿದ ಎಂಬುದನ್ನು ತಮಗೆ ಇದುವರೆಗೆ ಯಾರೂ ತಿಳಿಸಿರಲಾರರು. ಇದಕ್ಕೆ ಕಾರಣ ಬಣ್ಣದ ಖಾಜಾಸಾಬರು.

ಖಾಜಾಸಾಬರು ನೂಲಿಗೆ ಬಣ್ಣ ಹಾಕುವವರು. ಗುರುವಾರ ಬೆಳಿಗ್ಗೆ ಬಣ್ಣದ ನೂಲಿನ ಲಡಿಗಳನ್ನು ಹೊತ್ತು ತಂದು ಇಳಿಸಿ, ಹೇಮಪ್ಪನವರು ಅವನ್ನು ಎಣಿಸುವವರೆಗೆ ಕಟ್ಟೆಯ ಮೇಲೆ ಕುಳಿತಿರುತ್ತಾರೆ. ಅದೇ ಹೊತ್ತಿಗೆ ಹುಬ್ಬಳ್ಳಿಯ ರೈಲಿನಲ್ಲಿ ಬಂದ ತಮ್ಮ ಪತ್ರಿಕೆಯೂ ನಮ್ಮ ಬಾಗಿಲಿಗೆ ಬಂದು ಬೀಳುತ್ತದೆ. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಮಗ್ಗ ನಡೆಸುವವರಿಗೆ ಕೈಯೂ ಬಿಡುವಿಲ್ಲ, ಕಾಲೂ ಬಿಡುವಿಲ್ಲ, ಕಣ್ಣೂ ಬಿಡುವಿಲ್ಲ, ಕಿವಿಯೊಂದು ಖಾಲಿ. ಚಿತ್ರಕಥೆ ಶುರುವಾದ ಮೊದಲ ಗುರುವಾರ ಹೇಮಪ್ಪನವರು ಪತ್ರಿಕೆಯನ್ನು ಖಾಜಾಸಾಬರ ಕೈಗೆ ಕೊಟ್ಟು, 'ಖಾಜಾಸಾಬ, ನೀ ಓದಿದಾಂವ. ಈ ಚಿತ್ರದ್ದಷ್ಟು ನಮ್ಮ ಮಂದಿಗೆ ಓದಿ ಹೇಳು' ಎಂದರು. ಅವರು ಓದಿದವರು ಎಂಬುದು ಖರೆ. ಆದರೆ ಓದಿದ್ದು ಮಸೀದಿಯ ಶಾಲೆಯಲ್ಲಿ, ಉರ್ದು. ಕನ್ನಡ ಮಾತಾಡಿದರೆ ಕೇಳುತ್ತ ಕೂಡಬೇಕು, ಅಕ್ಷರ ಮಾತ್ರ ಒಂದೂ ಬರುವುದಿಲ್ಲ. ಅದನ್ನು ಬಾಯಿಬಿಟ್ಟು ಹೇಳುವಷ್ಟರಲ್ಲಿ ಹನ್ನೆರಡು ಮಗ್ಗದವರು ಕಿವಿ ತೆರೆದುಕೊಂಡು ಕಾಯುತ್ತಿದ್ದರು. ಖಾಜಾಸಾಬರು ಗಂಟಲು ಸರಿಮಾಡಿಕೊಂಡರು, ಚಿತ್ರ ನೋಡಿದರು, ಉರ್ದು ಕಲಿತ ಕಣ್ಣು ತನ್ನ ರೂಢಿಯಂತೆ ಬಲಗಡೆಯ ಚೌಕದಿಂದ ಹೊರಟಿತು.

ತಾವು ಅಚ್ಚು ಹಾಕಿದ್ದು ಹೀಗಿತ್ತು: ಗಡಿಬಿಡೆಪ್ಪ ಅಂಗಡಿಯಲ್ಲಿ ಹೊಸ ಛತ್ರಿ ಕೊಂಡ, ಬಿಡಿಸಿದ, ಗಾಳಿ ಅದನ್ನು ಆಕಾಶಕ್ಕೆ ಒಯ್ದಿತು, ಅವನು ಮಳೆಯಲ್ಲಿ ತೊಯ್ಯುತ್ತ ನಿಂತ. ನಾವು ಕೇಳಿದ್ದು ಹೀಗೆ: ಗಡಿಬಿಡೆಪ್ಪ ಮಳೆಯಲ್ಲಿ ತೊಯ್ಯುತ್ತ ನಿಂತಿದ್ದ, ದೇವರಿಗೆ ಕನಿಕರ ಬಂದು ಆಕಾಶದಿಂದ ಒಂದು ಛತ್ರಿ ಇಳಿಸಿದ, ಇವನು ಹಿಡಿದುಕೊಂಡ, ಮಳೆ ನಿಂತ ಮೇಲೆ ಇಷ್ಟು ಒಳ್ಳೆಯ ಛತ್ರಿ ನನ್ನದಲ್ಲವೆಂದು ಒಯ್ದು ಅಂಗಡಿಯವನಿಗೆ ಕೊಟ್ಟುಬಂದ. ಮಗ್ಗದ ಮನೆಯಲ್ಲಿ ಅಂದು ಎಲ್ಲರ ಬಾಯಲ್ಲೂ ಅವನ ಪ್ರಾಮಾಣಿಕತನದ್ದೇ ಮಾತು. ಖಾಜಾಸಾಬರ ಬೆನ್ನ ಹಿಂದೆ ರಾಟೆಯ ಮುಂದೆ ಕುಳಿತ ನನಗೊಬ್ಬಳಿಗೇ ಪುಟ ಕಾಣುತ್ತಿತ್ತು. ತಪ್ಪು ತಪ್ಪು ಎಂದು ಕೂಗಬೇಕೆಂದು ಬಾಯಿ ತೆರೆದೆ. ನಂತರ ನಮ್ಮ ಕಥೆಯೇ ವಾಸಿ ಅನ್ನಿಸಿ ಬಾಯಿ ಮುಚ್ಚಿಕೊಂಡೆ.

ಅಲ್ಲಿಂದ ಮುಂದೆ ಗುರುವಾರ ಬಂತೆಂದರೆ ನಾನು ನಗು ತಡೆಯಲು ಸೆರಗು ಬಾಯಿಗೆ ತುರುಕಿಕೊಂಡು ಕೂಡಬೇಕಾಯಿತು. ತಮ್ಮಲ್ಲಿ ಗಡಿಬಿಡೆಪ್ಪ ಕತ್ತೆಗೆ ಬೆಲ್ಲ ತಿನಿಸಿ, ಹಿಂದೆ ಹೋಗಿ ನಿಂತು, ಒದೆಸಿಕೊಂಡು ಅಂಗಾತ ಬಿದ್ದ. ನಮ್ಮಲ್ಲಿ ಖಾಜಾಸಾಬರು ಕೈಬೀಸಿ ಹೇಳಿದ್ದು, 'ಅಂಗಾತ ಬಿದ್ದಾಂವನ್ನ ಕತ್ತಿ ಕಾಲ್ಲೇ ಎಬ್ಬಿಸಿ ನಿಂದ್ರಿಸ್ತು ನೋಡ್ರಿ! ಉಪಕಾರ ಮರೀಬಾರ್ದಂತ ಅದಕ್ಕ ಬೆಲ್ಲಾ ತಿನಿಸಾಕತ್ತಾನ.' ತಮ್ಮಲ್ಲಿ ಅವನು ಕಬ್ಬು ತಿಂದು, ಹಲ್ಲುನೋವು ಬಂದು, ಗಲ್ಲ ಊದಿ, ಡಾಕ್ಟರರ ಕೈಯಲ್ಲಿ ಹಲ್ಲು ಕಳೆದುಕೊಂಡ. ನಮ್ಮಲ್ಲಿ ಹಲ್ಲಿಲ್ಲದೆ ಹೋದವನಿಗೆ ಡಾಕ್ಟರರು ಹೊಸ ಹಲ್ಲು ನೆಟ್ಟರು, ಸಂತೋಷಕ್ಕೆ ಗಲ್ಲ ಉಬ್ಬಿತು, ಮನೆಗೆ ಬಂದು ಕಬ್ಬು ಕಡಿದ. ಇದನ್ನು ಕೇಳಿ, ಸಿಕ್ಕಾದ ನೂಲು ಬಿಡಿಸುವ ನಮ್ಮ ಬಾಯಿಬೋಳು ಮುದುಕಿ ಶಂಕ್ರೆವ್ವ ಕೈಯ ಕೆಲಸ ಬಿಟ್ಟು, 'ಆ ಡಾಕ್ಟರ ಯಾವೂರಾಗ ಅದಾನಪಾ?' ಎಂದು ಕೇಳಿಯೇಬಿಟ್ಟಳು. ಖಾಜಾಸಾಬರು ಗಡಬಡಿಸಿ, 'ಮುಂಡರಗಿಯಾಗ ಇದ್ದ ಯವ್ವಾ, ಈಗ ವರ್ಗ ಆಗೇತಿ' ಎಂದರು. ಎಲ್ಲಿಗೆ ವರ್ಗವಾಗಿದೆಯೆಂದು ವಿಚಾರಿಸಲು ಆಕೆ ರೊಟ್ಟಿ ಕಟ್ಟಿಕೊಂಡು ಮುಂಡರಗಿಯ ಬಸ್ಸು ಹತ್ತಿ ಹೋಗಿ ಎರಡು ದಿನ ಅಲ್ಲಿಯ ಓಣಿಗಳನ್ನೆಲ್ಲ ತಿರುಗಿ ಬಂದಳು. ತಮ್ಮ ಪತ್ರಿಕೆಯ ಬೇರೆ ಯಾವ ಸುದ್ದಿಯನ್ನಾದರೂ ಯಾರಾದರೂ ಇಷ್ಟು ನಂಬಿದ್ದುಂಟೇ?

ಒಮ್ಮೆ ತಮ್ಮ ಚಿತ್ರಕಾರರಿಗೆ ಜ್ವರ ಬಂದು, ಚಿತ್ರಕಥೆ ಇಲ್ಲವೆಂದು ಎರಡು ಸಾಲು ಅಚ್ಚು ಹಾಕಿ ಅದರ ಕೆಳಗೆ ಕೇಶತೈಲದ ಜಾಹೀರಾತು ಹಾಕಿದ್ದಿರಿ. ಖಾಜಾಸಾಬರು ಎದೆಗುಂದಲಿಲ್ಲ. ಆ ಉದ್ದ ಕೂದಲಿನ ಹೆಂಗಸು ಗಡಿಬಿಡೆಪ್ಪನ ಹೆಂಡತಿಯಾದಳು, ಸೀಸೆಯಲ್ಲಿ ಗಡಿಬಿಡೆಪ್ಪನೇ ಅಡಗಿದ್ದ, ಆಕೆ ಹುಡುಕಿ ಹುಡುಕಿ ಸಾಕಾಗಿ ಕೂದಲು ಬಿಚ್ಚಿ ಕುಳಿತಿದ್ದಳು. ಆ ವಾರದ ಕಥೆಗೆ ಸಿಕ್ಕಷ್ಟು ನಗೆ ತಮ್ಮ ಚಿತ್ರಕಾರರಿಗೆ ಜ್ವರವಿಲ್ಲದ ವಾರಗಳಲ್ಲಿ ಸಿಕ್ಕಿದ್ದನ್ನು ನಾನು ಕಾಣೆ.

ಓದಿ ಮುಗಿದ ಮೇಲೆ ಆ ನಾಲ್ಕು ಚೌಕಗಳನ್ನು ಕತ್ತರಿಸಿಕೊಂಡು ಹೋಗುವುದು ಖಾಜಾಸಾಬರ ಪದ್ಧತಿ. ಬಣ್ಣದ ಮನೆಯ ಗೋಡೆಗೆ ಅಂಟಿಸುತ್ತೇನೆ ಎನ್ನುತ್ತಿದ್ದರು, ಅಂಟಿಸಿದ್ದೂ ಹೌದು, ಆದರೆ ಅಚ್ಚಾದದ್ದು ಇನ್ನೊಬ್ಬರ ಕಣ್ಣಿಗೆ ಬೀಳದಿರಲಿ ಎಂಬ ಅಂಜಿಕೆಯೂ ಇತ್ತೆಂದು ನನಗೆ ಗೊತ್ತು. ಚಿತ್ರಕಥೆಯ ಬೆನ್ನಿಗೆ ತಾವು ವಾರಭವಿಷ್ಯ ಹಾಕುತ್ತಿದ್ದುದರಿಂದ ಸಿಂಹದಿಂದ ವೃಶ್ಚಿಕದವರೆಗಿನ ರಾಶಿಗಳೂ ಅದರೊಡನೆ ಹೋಗುತ್ತಿದ್ದವು. ಹೇಮಪ್ಪನವರದು ಸಿಂಹರಾಶಿ. ಪಾಪ, ಎಂಟು ವರ್ಷ ತೂತುಬಿದ್ದ ಪತ್ರಿಕೆ ಓದಿ ಭವಿಷ್ಯವೇ ಇಲ್ಲದೆ ಬದುಕಿದರು, ಒಂದು ದಿನವೂ ಗೊಣಗಲಿಲ್ಲ.

ಮಾನ್ಯರೇ, ಇಲ್ಲಿ ಒಂದು ಮಾತನ್ನು ಹಾಸ್ಯ ಬದಿಗಿಟ್ಟು ಹೇಳುತ್ತೇನೆ. ನನಗೆ ಆ ಗುರುವಾರಗಳು ಬೇಕು. ಮಡಿಕೆ ಬಿಚ್ಚಿದ ಕೂಡಲೆ ಬರುವ ಹಸಿ ಮಸಿಯ ವಾಸನೆ, ಖಾಜಾಸಾಬರ ಬೆರಳಿನ ಬಣ್ಣ ಕಾಗದಕ್ಕೆ ಹತ್ತಿ ಗಡಿಬಿಡೆಪ್ಪನ ಧೋತರ ಒಂದು ವಾರ ನೀಲಿ, ಒಂದು ವಾರ ಕುಂಕುಮಗೆಂಪು ಆಗುವುದು, ತಮ್ಮ ಕರಿಬಿಳಿ ಚಿತ್ರ ನಮ್ಮಲ್ಲಿ ಬಣ್ಣದ್ದಾಗುವುದು, ಇವೆಲ್ಲ ಬೇಕು. ಮುಲ್ಕಿ ಪಾಸಾದ ಹುಡುಗಿಯನ್ನು ಮಾಸ್ತರಿಕೆಗೆ ಕಳಿಸದೆ ರಾಟೆಯ ಮುಂದೆ ಕೂಡಿಸಿದ ಸಿಟ್ಟು ನನಗೆ ಬಹಳ ದಿನ ಇತ್ತು. ಎಡಗಡೆಯ ಕಥೆಯನ್ನು ಕಣ್ಣಿನಿಂದ, ಬಲಗಡೆಯ ಕಥೆಯನ್ನು ಕಿವಿಯಿಂದ ಒಟ್ಟೊಟ್ಟಿಗೆ ಓದುವ ಭಾಗ್ಯ ಈ ಇಡೀ ನಾಡಿನಲ್ಲಿ ನನಗೊಬ್ಬಳಿಗೇ ಸಿಕ್ಕಿದೆ ಎಂದು ತಿಳಿದ ಮೇಲೆ ಆ ಸಿಟ್ಟು ಇಳಿಯಿತು.

ಈಗ ತಮ್ಮ ಸಾಧನೆಗೆ ಬರುತ್ತೇನೆ. ನವೆಂಬರ್ ಒಂದರಂದು ಭೂಪಟ ಕಂಡು ಖಾಜಾಸಾಬರು ಅದರ ಅಂಚಿನ ಮೇಲೆ ಬೆರಳಾಡಿಸಿದರು. ಆಮೇಲೆ, 'ಈ ವಾರ ಗಡಿಬಿಡೆಪ್ಪನ ಅಂಗಿ ಅಷ್ಟ ಬಂದೈತಿ. ಐದು ಕಡೆ ಹರಿದು ಐದು ಮಂದಿ ಹಂತ್ಯಾಕ ಬಿದ್ದಿತ್ತು, ಕೂಡಿಸಿ ಹೊಲಿಸ್ಯಾನ. ಹೊಲಿಗಿ ಇನ್ನೂ ಕಾಣಾಕತ್ತಾವು, ಆದ್ರ ಮೈಗೆ ಬರತೈತಿ' ಎಂದರು. ಏಕೀಕರಣದ ಬಗ್ಗೆ ನಾನು ಕೇಳಿದ ಭಾಷಣಗಳಲ್ಲಿ ಇದೇ ಚಿಕ್ಕದು, ಇದೇ ಚೊಕ್ಕದು. ಆದರೆ ಎಂಟನೆಯ ತಾರೀಖಿನ ಗುರುವಾರ ತಾವು ಚಿತ್ರವೆಂಬುದೇ ಇಲ್ಲದಂತೆ 'ನೂತನ ರಾಜ್ಯದ ಆಡಳಿತ ವ್ಯವಸ್ಥೆ: ಒಂದು ವಿವೇಚನೆ, ಭಾಗ ಒಂದು' ಎಂಬ ಲೇಖನ ಹಾಕಿ, ಇದು ನಲವತ್ತು ವಾರ ಬರುತ್ತದೆಂದು ಸಂತೋಷದ ಸುದ್ದಿಯನ್ನೂ ಕೊಟ್ಟಿರಿ. ಲೇಖನ ಬಹಳ ಉಪಯುಕ್ತವಾಗಿದೆ; ಪಕ್ಕದ ಮನೆಯ ಕೂಸು ಮೂರು ದಿನದಿಂದ ಅಳುತ್ತಿದ್ದದ್ದು, ನಾನು ಮೊದಲ ಪರಿಚ್ಛೇದ ಓದಿದ ಕೂಡಲೆ ಮಲಗಿತು.

ಖಾಜಾಸಾಬರು ಎಂಟನೆಯ ತಾರೀಖು ಕಣ್ಣಿಗೆ ಹಾಕುವ ಚಾಳೀಸು ಮನೆಯಲ್ಲಿ ಮರೆತೆನೆಂದರು. ಅವರಿಗೆ ಚಾಳೀಸೇ ಇಲ್ಲ. ಹದಿನೈದನೆಯ ತಾರೀಖು ಬಣ್ಣದ ಹಬೆಗೆ ಕಣ್ಣಲ್ಲಿ ನೀರು ಬರುತ್ತಿದೆಯೆಂದರು. ಹೇಮಪ್ಪನವರಿಗೆ ಈಗ ನಾಡಿನ ಹುರುಪು, ಇನ್ನು ಮುಂದೆ ನಮ್ಮ ಮಂದಿಗೆ ಚಿತ್ರವಷ್ಟೇ ಅಲ್ಲ ರಾಜ್ಯದ ವಿಚಾರವೂ ಗೊತ್ತಾಗಬೇಕೆಂಬ ಹಟ. ಅವರು ಬಹಳ ಒಳ್ಳೆಯ ಮನುಷ್ಯರು, ಗಂಡಾಂತರ ಇರುವುದೇ ಅಲ್ಲಿ. ಖಾಜಾಸಾಬರ ಹೆಗಲ ಮೇಲೆ ಕೈಯಿಟ್ಟು, 'ಅಂಜಬ್ಯಾಡ, ಬರೂ ಗುರುವಾರ ಗದಗಿನಿಂದ ನಾನ ಹೊಸಾ ಚಾಳೀಸ ತಂದ ಕೊಡ್ತೀನಿ. ಎಂಟ ವರ್ಷ ಪುಕ್ಕಟೆ ಓದಿ ಹೇಳೀಯಲ್ಲ' ಎಂದರು. ಖಾಜಾಸಾಬರ ಮುಖ ಆಗ ನೋಡಬೇಕಿತ್ತು, ಬಣ್ಣ ಹಾಕದ ನೂಲಿನ ಹಾಗೆ ಬಿಳಿಚಿಕೊಂಡಿತ್ತು.

ಗುರುವಾರ ಚಾಳೀಸು ಬರುತ್ತದೆ, ಆಮೇಲೆ ಹೇಳಲು ನೆಪವೇ ಇರುವುದಿಲ್ಲ. ಖಾಜಾಸಾಬರು ಮಾನಕ್ಕೆ ಅಂಜುವ ಮನುಷ್ಯ. ಒಮ್ಮೆ ಬಯಲಾದರೆ ಲಡಿಗಳನ್ನು ಬೇರೆ ಯಾರ ಕೈಯಲ್ಲೋ ಕಳಿಸಿ, ನಮ್ಮ ಹೊಸ್ತಿಲು ಮತ್ತೆ ತುಳಿಯುವವರಲ್ಲ. ನೀನೇ ಎದ್ದು ಓದಬಾರದೇ ಎಂದು ತಾವು ಕೇಳಬಹುದು. ನಾನು ಎದ್ದರೆ ಅವರ ಜಾಗ ಹೋಗುತ್ತದೆ. ಆ ಕಟ್ಟೆಯ ಮೇಲೆ ಕೂಡಲು ನನಗೆ ಮನಸ್ಸಿಲ್ಲ.

ಆದಕಾರಣ ನನ್ನ ಅಲ್ಪ ವಿನಂತಿಗಳೇನೆಂದರೆ, ಇಪ್ಪತ್ತೆರಡನೆಯ ತಾರೀಖಿನೊಳಗೆ ಗಡಿಬಿಡೆಪ್ಪನನ್ನು ಎಲ್ಲಿದ್ದರೂ ಹುಡುಕಿಸಿ ಮೂರನೆಯ ಪುಟಕ್ಕೆ ಕರೆತರಬೇಕು. ಅವನಿಗೆ ಜಾಗವಿಲ್ಲವಾದರೆ ಆಡಳಿತ ವ್ಯವಸ್ಥೆಯನ್ನೇ ನಾಲ್ಕು ಚೌಕದ ಚಿತ್ರವಾಗಿ ಬರೆಸಬೇಕು. ಖಾಜಾಸಾಬರು ಬಲಗಡೆಯಿಂದ ಓದಿದರೆ ಮೊದಲು ಕೆಲಸ ಆಗುತ್ತದೆ, ಆಮೇಲೆ ಅರ್ಜಿ ಕೊಡಲಾಗುತ್ತದೆ, ಇಂಥ ಸರಕಾರ ಲೋಕದಲ್ಲೇ ಇರುವುದಿಲ್ಲ. ಅದಕ್ಕೂ ಮನಸ್ಸಿಲ್ಲವಾದರೆ ಇಡೀ ಪತ್ರಿಕೆಯನ್ನೇ ಬಲಗಡೆಯಿಂದ ಓದುವಂತೆ ಅಚ್ಚು ಹಾಕಬೇಕು. ಕಳ್ಳರು ದಾಗೀನು ತಂದು ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಿ ಸದ್ದಿಲ್ಲದೆ ಹಿಂದಕ್ಕೆ ಹೋಗುವುದು, ತುಂಗಭದ್ರೆಯ ನೆರೆ ಹೊಲಗಳಿಂದ ಇಳಿದು ಹೊಳೆಯೊಳಕ್ಕೆ ತೆಪ್ಪಗೆ ಸೇರುವುದು, ಚುನಾವಣೆಯಲ್ಲಿ ಗೆದ್ದವರು ಮೊದಲು ಮಂತ್ರಿಯಾಗಿ ಕೊನೆಗೆ ನಮ್ಮ ಮನೆಯ ಬಾಗಿಲಿಗೆ ಬಂದು ಕೈಮುಗಿಯುವುದು, ಇವನ್ನೆಲ್ಲ ಓದುವ ಸುಖ ನಾಡಿಗೆ ಸಿಗಲಿ. ಮತ್ತು ಈ ಪತ್ರವನ್ನು ಪ್ರಕಟಿಸುವುದಾದರೆ ದಯವಿಟ್ಟು ಚಿತ್ರಕಥೆಯ ಬೆನ್ನಿಗೇ, ಸಿಂಹರಾಶಿಯ ಜಾಗದಲ್ಲೇ ಪ್ರಕಟಿಸಬೇಕು. ಖಾಜಾಸಾಬರು ತಾವಾಗಿಯೇ ಕತ್ತರಿಸಿಕೊಂಡು ಹೋಗುತ್ತಾರೆ, ಗುಟ್ಟು ತಮ್ಮಲ್ಲಿ, ನನ್ನಲ್ಲಿ ಮತ್ತು ತಮ್ಮ ಸಾವಿರಾರು ಓದುಗರಲ್ಲಿ ಮಾತ್ರ ಉಳಿಯುತ್ತದೆ.

ಭಾನುವಾರ, ತಾ. ೨೫

ಮಾನ್ಯರೇ, ಮೇಲಿನದನ್ನು ಬರೆದು ಅಂಚೆಗೆ ಹಾಕುವುದರೊಳಗೆ ದಿನಕ್ಕೊಂದು ಹೊಸ ವಿನಂತಿ ಹೊಳೆಯುತ್ತ ಹೋಗಿ, ಗುರುವಾರವೇ ಬಂದುಬಿಟ್ಟಿತು. ನಡೆದದ್ದನ್ನು ನಡೆದ ಹಾಗೆ ತಿಳಿಸುತ್ತೇನೆ.

ಹೇಮಪ್ಪನವರು ತಗಡಿನ ಡಬ್ಬಿಯಿಂದ ಹೊಸ ಚಾಳೀಸು ತೆಗೆದು, ಧೋತರದ ತುದಿಯಿಂದ ಒರೆಸಿ, ತಮ್ಮ ಕೈಯಾರ ಖಾಜಾಸಾಬರ ಮೂಗಿನ ಮೇಲೆ ಇಟ್ಟರು. ಖಾಜಾಸಾಬರು ಪತ್ರಿಕೆ ಬಿಚ್ಚಿದರು. ಭಾಗ ಮೂರು. ನನ್ನ ರಾಟೆ ನಿಂತದ್ದು ನನಗೇ ಗೊತ್ತಾಗಲಿಲ್ಲ. ಬಹಳ ಹೊತ್ತು ನೋಡಿದರು, ಚಾಳೀಸು ತೆಗೆದು ಮಡಚಿ ಡಬ್ಬಿಯಲ್ಲಿಟ್ಟರು, ಎದ್ದು ನಿಂತರು.

'ಹೇಮಪ್ಪಾರ, ಚಾಳೀಸ ಭಾಳ ಚೊಲೊ ಐತ್ರಿ. ಒಂದೊಂದ ಅಕ್ಷರ ಇರಿವಿ ಸಾಲಿನಂಗ ನಿಚ್ಚಳ ಕಾಣತಾವು. ಆದ್ರ ನನಗ ಕನ್ನಡ ಓದಾಕ ಬರೂದಿಲ್ರಿ. ಎಂಟ ವರ್ಷದಿಂದ ಬರೂದಿಲ್ಲ.'

ಹನ್ನೆರಡು ಮಗ್ಗಗಳೂ ನಿಂತವು. ಲಾಳಿಯ ಸದ್ದಿಲ್ಲದ ಮಗ್ಗದ ಮನೆಯನ್ನು ನಾನು ಕೆಲಸದ ದಿನ ಎಂದೂ ಕಂಡಿರಲಿಲ್ಲ. ಖಾಜಾಸಾಬರು ಚಪ್ಪಲಿ ಹುಡುಕುತ್ತಿದ್ದರು, ಕಣ್ಣು ಮಂಜಾಗಿ ಸಿಗುತ್ತಿರಲಿಲ್ಲ. ನನಗೆ ಅಳು ಬಂತು, ತಮ್ಮ ಮೇಲೆ ಸಿಟ್ಟೂ ಬಂತು. ಆಗ ಮೂಲೆಯಿಂದ ಶಂಕ್ರೆವ್ವ, 'ಹಂಗ ಆದ್ರ ಆ ಹಲ್ಲಿನ ಡಾಕ್ಟರ ಸುಳ್ಳೇನೋ ಯಪ್ಪಾ?' ಎಂದಳು. ಖಾಜಾಸಾಬರು ತಲೆ ತಗ್ಗಿಸಿದರು. ಆಕೆ ಒಂದು ಹಲ್ಲೂ ಇಲ್ಲದ ಬಾಯಿ ತೆರೆದು ಗಹಗಹಿಸಿ ನಕ್ಕುಬಿಟ್ಟಳು. 'ಇರ್ಲಿ ಬಿಡು, ಮುಂಡರಗಿ ನೋಡಿದಂಗಾತು. ನಿನಗ ಓದು ಅಂತ ಯಾರ ಅಂದ್ರು? ಹೇಳು ಅಂದೇವಿ. ಮೂರು ವಾರ ಆತು, ಗಡಿಬಿಡೆಪ್ಪ ಎಲ್ಲಿ ಹೋದಾ? ಕುಂಡರು, ಹೇಳು.'

ಹೇಮಪ್ಪನವರು ತಮ್ಮ ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಕಟ್ಟೆಯ ಮೇಲೆ ಹಾಸಿ, 'ಕುಂಡ್ರು, ಕಲ್ಲು ತಣ್ಣಗೈತಿ' ಎಂದರು. ಖಾಜಾಸಾಬರು ಅದರ ಮೇಲೆ ಕುಳಿತರು. ಖಾಲಿ ಕೈಯನ್ನು ಮುಂದೆ ಚಾಚಿ, ಅದರಲ್ಲೇ ನಾಲ್ಕು ಚೌಕ ಕಂಡವರಂತೆ ಬಲಗಡೆಯಿಂದ ಶುರು ಮಾಡಿದರು. ಗಡಿಬಿಡೆಪ್ಪ ಹೊಸ ರಾಜ್ಯವನ್ನೆಲ್ಲ ನೋಡಿ ಮೊದಲು ಮನೆಗೆ ಬಂದನಂತೆ, ಆಮೇಲೆ ಊರೂರು ತಿರುಗಿದನಂತೆ, ಕೊನೆಗೆ ಗದಗಿಗೆ ಹೋಗಿ ಬಸ್ಸಿನ ಟಿಕೀಟು ತೆಗೆಸಿದನಂತೆ. ಎರಡನೆಯ ಚೌಕ ಮುಗಿಯುವಷ್ಟರಲ್ಲಿ ಮಗ್ಗಗಳು ಒಂದೊಂದಾಗಿ ಬಡಿಯತೊಡಗಿದ್ದವು.

ಆದುದರಿಂದ ಮಾನ್ಯರೇ, ಮೇಲಿನ ವಿನಂತಿಗಳನ್ನೆಲ್ಲ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ತಾವು ನಿಲ್ಲಿಸಿದ ಚಿತ್ರಕಥೆ ನಮ್ಮಲ್ಲಿ ಮುಂದುವರಿದಿದೆ. ತಮ್ಮ ಚಿತ್ರಕಾರರಿಗೆ ಮುಂದೇನಾಯಿತೆಂಬ ಕುತೂಹಲವಿದ್ದರೆ ಗುರುವಾರ ಬೆಳಿಗ್ಗೆ ಬರಲಿ, ಚಹಾ ಕೊಡುತ್ತೇವೆ. ಅಚ್ಚಿನ ಆ ನಾಲ್ಕು ಚೌಕಗಳು ನನಗೆ ಮಾತ್ರ ಈಗಲೂ ಬೇಕೆನಿಸುತ್ತವೆ, ಒಬ್ಬಳೇ ಇದ್ದಾಗ ಬಹಳ ಬೇಕೆನಿಸುತ್ತವೆ. ಅದನ್ನು ತಮ್ಮ ಮುಂದೆ ಹೇಳಿ ತಮ್ಮನ್ನು ಉಬ್ಬಿಸಲು ಇಷ್ಟವಿಲ್ಲ.

ಇಷ್ಟೆಲ್ಲ ಆದರೂ ತಮ್ಮ ಮೇಲಿನ ವಿಶ್ವಾಸವನ್ನು ಇನ್ನೂ ಸವೆಯಗೊಡದ,
ಮುತ್ತವ್ವ, ಮುಲ್ಕಿ ಪಾಸು
ಹೇಮಪ್ಪನವರ ಮಗ್ಗದ ಮನೆ, ಬೆಟಗೇರಿ

ತಾ.ಕ.: ಖಾಜಾಸಾಬರು ಶುಕ್ರವಾರದಿಂದ ಆ ಚಾಳೀಸು ಹಾಕಿಕೊಂಡು ನನ್ನ ಬಳಿ ಕನ್ನಡ ಅಕ್ಷರ ಕಲಿಯುತ್ತಿದ್ದಾರೆ. ಮುಲ್ಕಿ ಪಾಸಾಗಿ ಇಷ್ಟು ವರ್ಷಕ್ಕೆ ನಾನು ಮಾಸ್ತರಳಾದೆ, ಮೊದಲ ವಿದ್ಯಾರ್ಥಿಗೆ ಅರವತ್ತೊಂದು ವರ್ಷ. ಬಹಳ ಚುರುಕು, ಯುಗಾದಿಯ ಹೊತ್ತಿಗೆ ತಮ್ಮ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಸ್ವತಃ ಓದುತ್ತಾರೆ, ಅದರಲ್ಲಿ ನಿಜವಾಗಿ ಏನಿದೆಯೆಂದು ಎಂಟು ವರ್ಷಗಳಲ್ಲಿ ಮೊದಲ ಬಾರಿಗೆ ಅವರಿಗೆ ಗೊತ್ತಾಗುತ್ತದೆ. ತಮಗಿನ್ನೂ ನಾಲ್ಕು ತಿಂಗಳ ಕಾಲಾವಕಾಶವಿದೆ. ಕೈಮುಗಿದು ಕೇಳಿಕೊಳ್ಳುತ್ತೇನೆ, ಅಷ್ಟರೊಳಗೆ ಓದುವಂಥದ್ದೇನಾದರೂ ಅಚ್ಚು ಹಾಕಿ.